ಉಂಡ ಮನೆಯ ಜಂತೆ

ಕೇಳುಗರಿಗೆ ನಮಸ್ಕಾರ.

ನಿಲಯದವರು ನನಗೆ ಕೊಟ್ಟ ವಿಷಯ ‘ಸಾಹಿತ್ಯ ಮತ್ತು ಚರಿತ್ರೆಯಲ್ಲಿ ಅಧಿಕಾರ ಹಾಗೂ ಸಾಮಾಜಿಕ ಶಕ್ತಿಗಳ ಪ್ರಭಾವ’. ಕೊಟ್ಟ ವೇಳೆ ಹದಿನೈದು ನಿಮಿಷ. ಇಷ್ಟುದ್ದದ ಹೆಸರು ಕೇಳಿದರೆ ಅರ್ಧ ಜನ ರೇಡಿಯೋ ಕಿವಿ ತಿರುಚಿ ಬೇರೆ ನಿಲಯಕ್ಕೆ ಹೋಗಿಬಿಡುತ್ತಾರೆ. ಹೋಗಬೇಡಿ. ನಾನು ಇದನ್ನು ಎರಡೇ ಮಾತಿಗೆ ಇಳಿಸಿಕೊಂಡು ಬಂದಿದ್ದೇನೆ: ಜೋಳ ಯಾರದು?

ಅಷ್ಟೇ. ನೀವು ಒಲೆಯ ಮುಂದಿರಿ, ಪಂಪ್‌ಸೆಟ್ಟಿನ ಹತ್ತಿರ ಕರೆಂಟಿಗೆ ಕಾಯುತ್ತಿರಿ, ಪರೀಕ್ಷೆಗೆ ಓದುತ್ತಿರಿ, ಈ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದುಕೊಂಡರೆ ಸಾಕು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ. ಅಧಿಕಾರ ಎಂದರೆ ಏನು ಎಂದು ಕೇಳಿದರೆ ಹುಡುಗರು ಕಿರೀಟ, ಸಿಂಹಾಸನ, ಕತ್ತಿ ಎನ್ನುತ್ತಿದ್ದರು. ಅಲ್ಲಪ್ಪಾ, ಕತ್ತಿ ಹಿಡಿದವನ ಹೊಟ್ಟೆಗೆ ಹಾಕಿದವರು ಯಾರು, ಅದನ್ನು ಹೇಳಿ ಎಂದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

ಹಳೆಗನ್ನಡದಲ್ಲಿ ಒಂದು ಸೊಗಸಾದ ಮಾತಿದೆ, ಜೋಳದ ಪಾಳಿ. ಜೋಳವಾಳಿ ಎಂದೂ ಹೇಳುತ್ತಾರೆ. ಒಡೆಯ ಕೊಟ್ಟ ಜೋಳ ತಿಂದವನು ಆ ಜೋಳಕ್ಕೆ ಪ್ರತಿಯಾಗಿ ತನ್ನ ಜೀವ ಕೊಡಬೇಕು ಎನ್ನುವ ಕಟ್ಟಳೆ. ಇದರ ಅಣ್ಣನಂಥದು ವೇಳೆವಾಳಿ. ಒಡೆಯ ಸತ್ತ ವೇಳೆಗೆ ತಾನೂ ಸಾಯುತ್ತೇನೆ ಎಂದು ಮೊದಲೇ ಭಾಷೆ ಕೊಟ್ಟಿರುವುದು. ನಾವು ಇವತ್ತು ‘ಅನ್ನದ ಋಣ’, ‘ಉಪ್ಪಿನ ಋಣ’ ಎನ್ನುತ್ತೇವಲ್ಲ, ಅದೇ. ಸಾವಿರ ವರ್ಷದಿಂದ ಈ ಮಾತು ನಮ್ಮ ಬಾಯಲ್ಲಿ ಮಸಾಲೆಯ ಹಾಗೆ ಅರೆದು ಹೋಗಿದೆ.

ಈಗ ನಿಮಗೆ ಒಂದು ನಾಯಿಯ ಕಥೆ ಹೇಳುತ್ತೇನೆ. ನನ್ನ ಹತ್ತಿರ ಓದಿದವರು ಯಾರಾದರೂ ಕೇಳುತ್ತಿದ್ದರೆ, ‘ಬಂತಪ್ಪ ಮತ್ತೆ ಮೇಷ್ಟ್ರ ನಾಯಿ’ ಎಂದು ನಗುತ್ತಿರುತ್ತಾರೆ. ನಗಲಿ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರು. ಅಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ಒಂದು ನಾಯಿ, ಒಂದು ಕಾಡುಹಂದಿ. ಎರಡೂ ಒಂದರ ಮೇಲೊಂದು ಬಿದ್ದು ಹೋರಾಡುತ್ತಿವೆ. ಸುತ್ತಲೂ ಹಳೆಗನ್ನಡದ ಅಕ್ಷರ. ನಮ್ಮ ವೀರಗಲ್ಲುಗಳಲ್ಲಿ ಮನುಷ್ಯರೇ ಸಾಯುವುದು, ಇಲ್ಲಿ ನಾಯಿ ಸತ್ತಿದೆ.

ಕಾಲ 10ನೇ ಶತಮಾನದ ನಡುಭಾಗ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ 949ರಲ್ಲಿ ತಕ್ಕೋಲಂ ಎಂಬಲ್ಲಿ ದೊಡ್ಡ ಯುದ್ಧವಾಯಿತು. ಅದು ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ. ಕೃಷ್ಣನ ಕಡೆ ಹೋರಾಡಿದವನು ಗಂಗರ ಬೂತುಗ. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಇವನೇ. ಕೃಷ್ಣನಿಗೆ ಖುಷಿಯೋ ಖುಷಿ. ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಎಂದು, ಹೆಸರಿನ ಜೊತೆಗೇ ಎಣಿಕೆ ಅಂಟಿಕೊಂಡಿದ್ದ ನಾಡುಗಳನ್ನು ಬಾಳೆಹಣ್ಣಿನ ಚಿಪ್ಪು ಕಿತ್ತುಕೊಟ್ಟ ಹಾಗೆ ಬೂತುಗನಿಗೆ ಕೊಟ್ಟ.

ಬೂತುಗನ ಕೈಕೆಳಗೆ ಮಣಲೆರ ಅಂತ ಒಬ್ಬ ವೀರ. ಆ ಯುದ್ಧದಲ್ಲಿ ಅವನೂ ಚೆನ್ನಾಗಿ ಕಾದಿದ್ದ. ಬೂತುಗ ಕೇಳಿದ, ‘ಮೆಚ್ಚಿದೆ, ಏನು ಬೇಕು ಬೇಡಿಕೋ’. ನೀವಾಗಿದ್ದರೆ ಏನು ಕೇಳುತ್ತಿದ್ದಿರಿ? ಚಿನ್ನ? ಊರು? ಈ ಪುಣ್ಯಾತ್ಮ ಕೇಳಿದ್ದು ಒಡೆಯನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ‘ಕಾಳಿಯನ್ನು ದಯಪಾಲಿಸಬೇಕು’ ಎಂದ. ಕೊಟ್ಟರು. ಬಾಳ್ಗಚ್ಚು ಎಂದು, ಅಂದರೆ ರಕ್ತವಾದ ಕತ್ತಿ ತೊಳೆದದ್ದಕ್ಕೆ ಕೊಡುವ ಉಂಬಳಿಯಾಗಿ, ಊರುಗಳೂ ಸಿಕ್ಕವು ಅನ್ನಿ. ಆದರೆ ಬಾಯಿ ಬಿಟ್ಟು ಬೇಡಿದ್ದು ನಾಯಿಯನ್ನು.

ಇಲ್ಲಿಗೆ ಬಂದಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಸರಪಳಿ ನೋಡಿ. ಕೃಷ್ಣನ ಜೋಳ ಬೂತುಗ ತಿಂದ, ಬೂತುಗನ ಜೋಳ ಮಣಲೆರ ತಿಂದ, ಮಣಲೆರನ ಕೂಳು ಕಾಳಿ ತಿಂದಿತು. ಮುಂದೆ ಏನಾಯಿತು? ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಅಂದರೆ ಕಲ್ಲುದಿಬ್ಬದಲ್ಲಿ, ಒಂದು ಭಾರಿ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಶಾಸನಕ್ಕೆ ಅಳುವ ಅಭ್ಯಾಸವಿಲ್ಲ. ಹಂದಿಯೂ ನಾಯಿಯೂ ‘ಒಡಸತ್ತುವು’ ಎಂದು ಬರೆದು ಮುಂದೆ ಹೋಗುತ್ತದೆ. ಒಡನೆ ಸತ್ತವು. ಎಷ್ಟು ಚಿಕ್ಕ ಮಾತು! ಕಾಳಿ ಜೋಳದ ಪಾಳಿ ತೀರಿಸಿತು.

ಆ ನಾಯಿಗಾಗಿ ಚಲ್ಲೇಶ್ವರ ದೇವಾಲಯದ ಎದುರು ಕಲ್ಲು ನೆಟ್ಟರು. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಗದ್ದೆ ಬಿಟ್ಟುಕೊಟ್ಟರು. ಪೂಜೆ ಮಾಡುವ ಗೊರವನಿಗೆ ಒಂದು ಎಚ್ಚರಿಕೆಯನ್ನೂ ಕೊರೆಸಿದರು. ಕಲ್ಲನ್ನು ಪೂಜಿಸದೆ ಈ ನೆಲದ ಅನ್ನ ಉಂಡರೆ, ಆ ನಾಯಿ ಮಾಡಿದ ಪಾಪವೆಲ್ಲ ನಿನಗೆ! ಅಂದರೆ ಸತ್ತ ನಾಯಿಯ ಹೆಸರಿನಲ್ಲಿ ಇನ್ನೊಬ್ಬನಿಗೆ ಜೋಳ, ಅವನ ತಲೆಯ ಮೇಲೆ ಇನ್ನೊಂದು ಋಣ.

ಈ ಕಥೆಯನ್ನು ನಾನು ವರ್ಷಗಟ್ಟಲೆ ಸ್ವಾಮಿನಿಷ್ಠೆಯ ಕಥೆ ಎಂದೇ ಹೇಳುತ್ತಾ ಬಂದೆ. ಕಣ್ಣೂ ಒದ್ದೆ ಮಾಡಿಕೊಳ್ಳುತ್ತಿದ್ದೆ, ಸುಳ್ಳೇಕೆ. ಒಂದು ಸಲ ಶಾಸನಗಳ ಬೆನ್ನು ಹತ್ತಿ ಆ ಕಡೆಗೆ ಬಾಡಿಗೆ ಕಾರಿನಲ್ಲಿ ಹೋಗಿದ್ದೆ. ಕಾರು ಓಡಿಸುತ್ತಿದ್ದವರು ಮಂಡ್ಯ ಸೀಮೆಯವರೇ, ಮನೆಯಲ್ಲಿ ಒಂದಿಷ್ಟು ಕಬ್ಬಿನ ಗದ್ದೆ. ದಾರಿಯುದ್ದಕ್ಕೂ ಅವರಿಗೆ ಕಾಳಿಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು. ಗೇರು ಬದಲಾಯಿಸಿ, ‘ಸಾ, ಆ ಎಲ್ಡು ಕಂಡ್ಗ ಗದ್ದೆ ಮದ್ಲು ಯಾರ್ದಾಗಿತ್ತು?’ ಎಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಕಲ್ಲಿನಲ್ಲೂ ಇಲ್ಲ. ನಾಯಿಯ ಹೆಸರಿದೆ, ಅದನ್ನು ಸಾಕಿದವನ ಹೆಸರಿದೆ, ಅವನಿಗೆ ಊರು ಕೊಟ್ಟವನ ಹೆಸರಿದೆ. ಕೆರೆಯ ಕೆಳಗೆ ಕೆಸರು ತುಳಿದವನ ಹೆಸರು ಮಾತ್ರ ಇಲ್ಲ. ಮೂವತ್ತು ವರ್ಷ ಶಾಸನ ಓದಿದವನಿಗೆ ಹೊಳೆಯದೆ ಇದ್ದದ್ದು ಕಬ್ಬು ಬೆಳೆಯುವವರಿಗೆ ಮೂರನೆಯ ಗೇರಿನಲ್ಲಿ ಹೊಳೆಯಿತು.

ಇದೇ ನಾನು ಹೇಳಬೇಕೆಂದು ಬಂದದ್ದು. ಜೋಳ ರಾಜನದ್ದಲ್ಲ. ರಾಜ ಒಂದು ತೆನೆಯನ್ನೂ ಮುರಿದವನಲ್ಲ. ಒಕ್ಕಲು ಬೆಳೆದ, ತೆರಿಗೆಯಾಗಿ ಅಳೆದುಕೊಟ್ಟ. ಅದು ಅರಮನೆಯ ಕಣಜಕ್ಕೆ ಹೋಗಿ ಹಿಂದಿರುಗಿ ಬರುವಾಗ ರಾಜನ ದಾನವಾಗಿಬಿಟ್ಟಿತು. ಬೆಳೆದವನೇ ಋಣಗಾರನಾದ! ಅಧಿಕಾರದ ಕೈಚಳಕ ಇರುವುದು ಇಲ್ಲಿ. ಕತ್ತಿಯಿಂದ ಹೆದರಿಸುವುದಕ್ಕೆ ಕಾವಲು ಬೇಕು, ಖರ್ಚು ಬೇಕು. ನಿನ್ನ ಜೋಳವನ್ನೇ ನಿನಗೆ ಬಡಿಸಿ ‘ನನ್ನ ಋಣ ಮರೆಯಬೇಡ’ ಎಂದರೆ ಕಾವಲೇ ಬೇಡ. ನೀನೇ ನಿನ್ನ ಕಾವಲುಗಾರ.

ಹಳೇಬೀಡಿಗೆ ಹೋಗಿದ್ದೀರಿ ತಾನೆ? ಹೊಯ್ಸಳೇಶ್ವರ ಗುಡಿಯ ಗೋಡೆಯ ಆನೆ ಸಾಲು ನೋಡಿ, ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಬಂದಿರುತ್ತೀರಿ. ಗುಡಿಯ ಹೊರಗೆ ಒಂದು ಕಂಬ ಇದೆ, ಅದನ್ನು ಯಾರೂ ನೋಡುವುದಿಲ್ಲ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಕಂಬ. ದೊರೆ ತೀರಿಕೊಂಡಾಗ ಅವನೂ ಅವನ ಹೆಂಡತಿ ಸುಗ್ಗಲದೇವಿಯೂ ಜೊತೆಯ ಯೋಧರೂ ಪ್ರಾಣ ಕೊಟ್ಟರು. ಇಂಥವರನ್ನು ಗರುಡರು ಎನ್ನುತ್ತಿದ್ದರು. ಕಂಬದ ಮೇಲೆ ಪುಟ್ಟ ಪುಟ್ಟ ಗೊಂಬೆಗಳು, ತಮ್ಮ ಕತ್ತಿನ ಮೇಲೆ ತಾವೇ ಕತ್ತಿ ಇಟ್ಟುಕೊಂಡಿವೆ. ಹತ್ತಿರ ಹೋಗಿ ನೋಡಿ. ಆ ಕೈಗಳನ್ನು ಯಾರೂ ಹಿಡಿದು ಬಲವಂತ ಮಾಡುತ್ತಿಲ್ಲ.

ಇನ್ನು ಕಾವ್ಯಕ್ಕೆ ಬರೋಣ. ಕರ್ಣ ಇಲ್ಲದೆ ಈ ಮಾತು ಮುಗಿಯುವುದಿಲ್ಲ. ಕುಮಾರವ್ಯಾಸನಲ್ಲಿ ಕೃಷ್ಣ ಕರ್ಣನ ಕಿವಿಯಲ್ಲಿ ಜನ್ಮದ ಗುಟ್ಟು ಹೇಳಿ, ಬಾ, ರಾಜ್ಯ ನಿನ್ನದೇ ಎನ್ನುತ್ತಾನೆ. ಕರ್ಣನ ಉತ್ತರ ನಮ್ಮ ಹಳ್ಳಿಗಳ ಗಮಕಿಗಳಿಗೆಲ್ಲ ಬಾಯಿಪಾಠ:

‘ಹೊರೆದ ದಾತಾರಂಗೆ ಹಗೆವರ ಶಿರವನರಿದೊಪ್ಪಿಸುವೆನೆಂಬೀ ಭರದೊಳಿರ್ದೆನು, ಕೌರವೇಂದ್ರನ ಕೊಂದೆ ನೀನೆಂದ.’

ಹೊರೆದ ದಾತಾರ ಎಂದರೆ ಸಾಕಿದ ಧಣಿ. ಸ್ವಂತ ತಮ್ಮಂದಿರು ಯಾರು ಎಂದು ಗೊತ್ತಾದ ಗಳಿಗೆಯಲ್ಲೂ ಅವನ ಬಾಯಲ್ಲಿ ಬರುವುದು ಸಾಕಿದವನ ಮಾತು. ದುರ್ಯೋಧನ ಕೊಟ್ಟ ಅಂಗರಾಜ್ಯ ದೊಡ್ಡದೇ, ಒಪ್ಪುತ್ತೇನೆ. ಇಡೀ ಹಸ್ತಿನಾವತಿ ಸೂತನ ಮಗ ಎಂದು ಮೂತಿ ತಿರುವಿದಾಗ ಮಣೆ ಹಾಕಿದವನು ಅವನೊಬ್ಬನೇ. ಕುಲ ಎಂಬುದು ಕರ್ಣನನ್ನು ಹೊರಗೆ ನಿಲ್ಲಿಸಿತು, ಜೋಳ ಒಳಗೆ ಕಟ್ಟಿಹಾಕಿತು. ಎರಡು ಕಡೆಯಿಂದ ಹಿಂಡಿದರೆ ಮನುಷ್ಯನಲ್ಲಿ ಏನು ಉಳಿಯುತ್ತದೆ? ನಾವು ‘ಆಹಾ, ಎಂಥ ನಿಷ್ಠೆ’ ಎಂದು ತಲೆದೂಗುತ್ತೇವೆ. ಆ ತಲೆದೂಗುವುದನ್ನು ಸ್ವಲ್ಪ ನಿಲ್ಲಿಸಿ ಎಂಬುದು ನನ್ನ ವಿನಂತಿ. ಅಂಗದೇಶದ ಜೋಳ ಬೆಳೆದವರು ಯಾರು?

ಪಂಪನೂ ಜೋಳ ತಿಂದವನೇ. ಅರಿಕೇಸರಿಯ ಆಸ್ಥಾನ, ಧರ್ಮವುರ ಎಂಬ ಅಗ್ರಹಾರದ ಕೊಡುಗೆ. ಒಡೆಯನನ್ನೇ ಅರ್ಜುನ ಎಂದು ಹಾಡಬೇಕು, ಹಾಗಾಗಿ ಅವನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿ! ಕೊನೆಗೆ ಪಟ್ಟವೂ ಅರ್ಜುನನಿಗೇ. ಧರ್ಮರಾಯ ಪಕ್ಕಕ್ಕೆ ಸರಿದು ನಿಲ್ಲಬೇಕಾಯಿತು. ಜೋಳ ಕಥೆಯನ್ನೇ ತಿರುಗಿಸಿತು ನೋಡಿ. ಆದರೆ ಅದೇ ಪಂಪ, ಕುಲ ಎತ್ತಿ ಆಡಿದ ಹಿರಿಯರಿಗೆ ಕರ್ಣನ ಬಾಯಿಂದ ‘ಕುಲಂ ಕುಲಮಲ್ತು, ಚಲಂ ಕುಲಂ, ಗುಣಂ ಕುಲಂ’ ಎಂದು ಹೇಳಿಸಿದ. ಭಾರತದಲ್ಲಿ ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದೂ ಬರೆದ. ಅರ್ಜುನನ ಹೆಸರಿನ ಸಂಬಳ, ಕರ್ಣನ ಮೇಲೆ ಪ್ರೀತಿ! ನೌಕರಿ ಮಾಡಿದವರಿಗೆಲ್ಲ ಇದು ಅರ್ಥವಾಗುತ್ತದೆ.

ಈ ಋಣದ ಕಣ್ಣಿ ಬಿಚ್ಚಿದವರು ಯಾರೂ ಇಲ್ಲವೇ? ಇದ್ದಾರೆ, ಒಬ್ಬಳು ಹೆಂಗಸು. 12ನೇ ಶತಮಾನದ ಕಲ್ಯಾಣ. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದೇ ಅವನ ಕಾಯಕ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಮೊರ ಮುಂದಿಟ್ಟುಕೊಂಡು ನೋಡಿದಳು. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ’ ಎಂದಳು. ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಕೇಳಿ, ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳು.

ಇದನ್ನು ಅತಿಯಾಸೆ ಬೇಡ ಎನ್ನುವ ನೀತಿಪಾಠ ಮಾಡಿ ಶಾಲೆಯ ಗೋಡೆಗೆ ಬರೆಸಿದ್ದೇವೆ. ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಲಕ್ಕಮ್ಮ ಹೇಳುತ್ತಿರುವುದು ಲೆಕ್ಕದ ಮಾತು. ಇಂದಿನ ದುಡಿಮೆಗೆ ಇಂದಿನ ಅಕ್ಕಿ ತಂದರೆ ಅದು ನಮ್ಮದು. ಒಂದು ಹಿಡಿ ಹೆಚ್ಚು ತಂದರೆ ಅದು ಕೊಟ್ಟವರದ್ದು, ನಾವು ಅವರವರು. ಕೊಟ್ಟವರು ಬಸವಣ್ಣನವರೇ ಆದರೂ ಸರಿ! ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣನವರಿಗೂ ಈ ಲೆಕ್ಕ ಹೇಳಿಕೊಡುವ ಹೆಂಗಸು ಆ ಕೇರಿಯಲ್ಲಿದ್ದಳು.

ನಾಯಿಯೇ ಅರ್ಧ ವೇಳೆ ತಿಂದುಬಿಟ್ಟಿತು. 20ನೇ ಶತಮಾನಕ್ಕೆ ಒಂದೇ ಉದಾಹರಣೆ ಹೇಳಿ ಬಿಡುತ್ತೇನೆ. ಶಿವರಾಮ ಕಾರಂತರ ಚೋಮ. ಜೀತದಾಳು. ಹಟ್ಟಿಯಲ್ಲಿ ಎತ್ತುಗಳಿವೆ, ಉಳಲು ಅಂಗೈಯಗಲ ನೆಲವಿಲ್ಲ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ, ಕೊಡುವ ಮನಸ್ಸೂ ಇತ್ತು. ಹೊಲೆಯನಿಗೆ ಬೇಸಾಯವೇ, ಹಿಂದಿನಿಂದ ಬಂದದ್ದನ್ನು ಮುರಿಯುವುದೇ ಎಂದು ಮುದಿ ತಾಯಿ ಅಡ್ಡ ಬಂದಳು. ಮುಗಿಯಿತು. ಇಲ್ಲಿ ರಾಜನಿಲ್ಲ, ಕತ್ತಿಯಿಲ್ಲ. ಜಗಲಿಯ ಮೇಲೆ ಕುಳಿತ ಒಬ್ಬ ಮುದುಕಿಯ ಮಾತು, ಅದರ ಹಿಂದೆ ಇಡೀ ಊರು. ಜೊತೆಗೆ ತೋಟದ ಸಾಲ, ಆ ಸಾಲ ತೀರಿಸಲು ಘಟ್ಟ ಹತ್ತಿದ ಮಕ್ಕಳು. ಜೀವಮಾನವಿಡೀ ಧಣಿಯ ಗದ್ದೆಯಲ್ಲಿ ಭತ್ತ ಬೆಳೆದವನು ಧಣಿಯ ಋಣದಲ್ಲಿದ್ದ. ಕೊನೆಗೆ ದುಡಿ ಬಾರಿಸುತ್ತಲೇ ಸತ್ತ.

1974ರ ಭೂಸುಧಾರಣೆ, ಉಳುವವನೇ ಹೊಲದೊಡೆಯ ಎಂಬ ಮಾತು, 1976ರ ಜೀತ ರದ್ದತಿ ಕಾಯಿದೆ ಎಲ್ಲ ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಚೀಟಿ ಹಾಗೇ ಉಳಿಯಿತು. ಮತ್ತೊಮ್ಮೆ ಕರೆದರೆ ನಾಯಿಯನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.

ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಎಣಿಸಿ, ನಾನಂತೂ ಎಣಿಸಿ ಎನ್ನುತ್ತೇನೆ. ಆ ಜಂತೆಗೆ ಮರ ಕಡಿದು ಹೊತ್ತು ತಂದವರು ಯಾರೆಂದು ವಿಚಾರಿಸಿ. ಬೆಂಗಳೂರಿಗೆ ಬಂದಾಗ ವಸ್ತುಸಂಗ್ರಹಾಲಯ ತೆರೆದಿದೆಯೇ ಎಂದು ಮೊದಲು ಕೇಳಿಕೊಂಡು, ಮಕ್ಕಳಿಗೆ ಕಾಳಿಯನ್ನು ತೋರಿಸಿ. ಹಂದಿಯನ್ನೂ ತೋರಿಸಿ, ಅದಕ್ಕಂತೂ ಯಾರ ಋಣವೂ ಇರಲಿಲ್ಲ.

ನಮಸ್ಕಾರ.