ಇಂಗ್ಲಿಷಿನವರು ಕಳೆದುಕೊಂಡ ‘ನೀನು’

ಕೇಳುಗರೆಲ್ಲರಿಗೂ ನಮಸ್ಕಾರ.

ಹಿರಿಯರು ಕಿರಿಯರೆನ್ನದೆ ಎಲ್ಲರನ್ನೂ ಏಕವಚನದಲ್ಲಿ ಮಾತನಾಡಿಸುವ ಭಾಷೆ ಇಂಗ್ಲಿಷ್ ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ನಿಜ ಸಂಗತಿ ಇದಕ್ಕೆ ತೀರ ವಿರುದ್ಧ. ‘ಯೂ’ ಎಂಬುದು ಹುಟ್ಟಿನಿಂದ ಬಹುವಚನ. ಎದುರಿಗೆ ಒಬ್ಬರೇ ಇದ್ದರೂ ಅದರ ಜೊತೆಗೆ ‘ಈಸ್’ ಬಾರದೆ ‘ಆರ್’ ಬರುವುದು ಆ ಹುಟ್ಟಿನ ಗುರುತು. ಅವರು ಕಳೆದುಕೊಂಡದ್ದು ‘ನೀವು’ ಅಲ್ಲ, ‘ನೀನು’.

ಆ ‘ನೀನು’ವಿನ ಹೆಸರು ‘ದೌ’. ಹಲವರಿಗೆ ‘ಯೀ’ ಎನ್ನುತ್ತಿದ್ದರು. ‘ಯೂ’ ಆಗ ‘ನಿಮ್ಮನ್ನು’, ‘ನಿಮಗೆ’ ಎಂಬ ಅರ್ಥದ ರೂಪ ಮಾತ್ರ. ಹಳೆಯ ಇಂಗ್ಲಿಷಿನಲ್ಲಿ ಇಬ್ಬರಿಗೆಂದೇ ಸಂಸ್ಕೃತದಂತೆ ದ್ವಿವಚನವೂ ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಆಸ್ಥಾನದ ಭಾಷೆಯಾಯಿತು. ಅದರ ಪ್ರಭಾವದಿಂದ 13ನೆಯ ಶತಮಾನದ ಹೊತ್ತಿಗೆ ಒಬ್ಬರೇ ಆದರೂ ದೊಡ್ಡವರನ್ನು ಬಹುವಚನದಲ್ಲಿ ಕರೆಯುವ ರೂಢಿ ಬೇರೂರತೊಡಗಿತು. ಆಗ ‘ದೌ’ ಮಕ್ಕಳಿಗೆ, ಆಳುಗಳಿಗೆ, ಆಪ್ತರಿಗೆ, ಕೋಪ ಬಂದಾಗ ಎದುರಾಳಿಗೆ ಉಳಿಯಿತು.

ಕೋಪದ ಆ ಏಕವಚನ ನಮಗೂ ಗೊತ್ತು. 1603ರಲ್ಲಿ ವಿಂಚೆಸ್ಟರಿನಲ್ಲಿ ರಾಣಿ ಎಲಿಜಬೆತ್ತಳ ಆಸ್ಥಾನದಲ್ಲಿ ಹೆಸರಾಗಿದ್ದ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಆತನನ್ನು ದ್ರೋಹಿಯೆಂದು ಜರೆದುದಷ್ಟೇ ಅಲ್ಲ, ನಿನ್ನನ್ನು ‘ದೌ’ ಎಂದೇ ಕರೆಯುತ್ತೇನೆ ಎಂದು ಸರ್ವನಾಮವನ್ನೇ ಕ್ರಿಯಾಪದವಾಗಿಸಿ ಸಭೆಯಲ್ಲಿ ಸಾರಿದನು.

ಅದೇ ಶತಮಾನದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥವನ್ನು ಕಟ್ಟಿದ ಜಾರ್ಜ್ ಫಾಕ್ಸ್ ಮತ್ತು ಆತನ ಸಂಗಾತಿಗಳು ಇದೇ ಪದವನ್ನು ಸಮಾನತೆಗಾಗಿ ಹಿಡಿದರು. ಒಬ್ಬ ಮನುಷ್ಯನನ್ನು ಹಲವರೆಂಬಂತೆ ಕರೆಯುವುದು ಸುಳ್ಳು, ಅದು ಅಹಂಕಾರಕ್ಕೆ ಎರೆದ ನೀರು ಎಂದು ಬಗೆದ ಅವರು ನ್ಯಾಯಾಧೀಶರನ್ನೂ ಶ್ರೀಮಂತರನ್ನೂ ಏಕವಚನದಲ್ಲೇ ಮಾತನಾಡಿಸಿ ಏಟು ತಿಂದರು. ಒಂದು ಸರ್ವನಾಮಕ್ಕಾಗಿ ಇಷ್ಟು ಕಷ್ಟ ಸಹಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೂ ಗೆದ್ದದ್ದು ‘ಯೂ’. ಎದುರಿಗಿರುವವರ ಅಂತಸ್ತು ತಿಳಿಯದಿದ್ದಾಗ ಬಹುವಚನವೇ ಕ್ಷೇಮವೆಂದು ಜನ ಭಾವಿಸಿದ್ದು ಇದಕ್ಕೆ ಒಂದು ಕಾರಣವಿರಬೇಕು. 18ನೆಯ ಶತಮಾನದ ಹೊತ್ತಿಗೆ ಶಿಷ್ಟರ ಆಡುಮಾತಿನಿಂದ ‘ದೌ’ ಬಹುಮಟ್ಟಿಗೆ ಮರೆಯಾಗಿ, ಯಾರ್ಕ್‌ಷೈರಿನಂಥ ಕಡೆಯ ಹಳ್ಳಿಮಾತಿನಲ್ಲೂ ಪ್ರಾರ್ಥನೆಯಲ್ಲೂ ಉಳಿಯಿತು. 1611ರ ಬೈಬಲ್ ಅನುವಾದದಲ್ಲಿ ದೇವರಿಗೂ ಸೇವಕನಿಗೂ ಅದೇ ‘ದೌ’. ನಮ್ಮ ವಚನಕಾರರೂ ದೇವರನ್ನು ‘ನೀನು’ ಎಂದೇ ಕರೆದವರಲ್ಲವೇ? ಇಂದಿನ ಇಂಗ್ಲಿಷರಿಗೆ ಮಾತ್ರ ಆ ಪದದಲ್ಲಿ ಸಲುಗೆ ಕೇಳಿಸದು, ಗಾಂಭೀರ್ಯವಷ್ಟೇ ಕೇಳಿಸುತ್ತದೆ.

‘ಯೂ’ ಒಬ್ಬರಿಗೂ ಸಲ್ಲತೊಡಗಿದ ಮೇಲೆ ಹಲವರನ್ನು ಬೇರೆಯಾಗಿ ಕರೆಯಲು ಪದವಿಲ್ಲದಂತಾಯಿತು. ಆದ್ದರಿಂದ ಅಮೆರಿಕದ ದಕ್ಷಿಣದವರು ‘ಯಾಲ್’ ಎಂದೂ ಐರ್ಲೆಂಡಿನ ಹಲವರು ‘ಯೂಸ್’ ಎಂದೂ ಹೊಸ ಬಹುವಚನಗಳನ್ನು ಕಟ್ಟಿಕೊಂಡಿದ್ದಾರೆ.