ಬೀಗದ ಕೈ ಯಾರ ಸೊಂಟದಲ್ಲಿದೆ?

(ಹಾಸನದಲ್ಲಿ ಕಿರುಚಿತ್ರ ಮಾಡುವ ತಂಡಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಮುಂದಿನ ವಾರವೇ ಶೂಟಿಂಗ್ ಅಂತ ತುದಿಗಾಲಲ್ಲಿ ನಿಂತಿರೋರು ಇಲ್ಲಿ ಕೂತಿದ್ದೀರಿ, ಹಾಗಾಗಿ ಪೀಠಿಕೆ ಬೇಡ. ನೀವು ಕೊಟ್ಟ ಸ್ಕ್ರಿಪ್ಟುಗಳಲ್ಲಿ ಬಹುಪಾಲು ಹಾರರ್. ಅದರಲ್ಲೂ ಹುಡುಗಿಯರ ರಿಮ್ಯಾಂಡ್ ಹೋಮು, ಅಲ್ಲೊಬ್ಬಳಿಗೆ ದೆವ್ವ ಹಿಡಿಯೋದು. ಒಳ್ಳೇ ವಸ್ತು. ಒಂದೇ ಕಟ್ಟಡ, ರಾತ್ರಿ ಹೊತ್ತು, ಖರ್ಚೂ ಕಡಿಮೆ. ಆದರೆ ನಿಮ್ಮ ಹೋಮಿನ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನೋದು ಒಂದು ಸ್ಕ್ರಿಪ್ಟಿನಲ್ಲೂ ಇಲ್ಲ.

ದೆವ್ವ ಯಾರು, ಹೇಗೆ ಸತ್ತಿತು, ಯಾರ ಮೇಲೆ ಸೇಡು, ಇದನ್ನೆಲ್ಲ ಪುಟಗಟ್ಟಲೆ ಬರೆದಿದ್ದೀರಿ. ರಾತ್ರಿ ಡಾರ್ಮಿಟರಿ ಬಾಗಿಲಿಗೆ ಚಿಲಕ ಹಾಕೋದು ಒಳಗಿಂದಲೋ ಹೊರಗಿಂದಲೋ? ನಡುರಾತ್ರಿ ಹೊಟ್ಟೆ ಕೆಟ್ಟರೆ ಹುಡುಗಿ ಯಾರನ್ನ ಕೂಗಬೇಕು? ಕೂಗಿದರೆ ಅವರು ಏಳ್ತಾರಾ, ಬೈತಾರಾ? ಇದು ಗೊತ್ತಿಲ್ಲದೆ ದೆವ್ವ ತಂದರೆ ಅದಕ್ಕೆ ಅಲ್ಲಿ ಮಾಡೋಕೆ ಕೆಲಸವೇ ಇರಲ್ಲ. ಬಾಗಿಲು ದಡಾರ್ ಅನ್ನಿಸುತ್ತೆ, ಕೂದಲು ಕೆದರಿಕೊಂಡು ನಿಲ್ಲುತ್ತೆ, ಅಷ್ಟೇ.

ಸಂಜೆ ನಾವು ನೋಡೋ ಚಿತ್ರ 'ದಿ ಡೆವಿಲ್ಸ್ ಡೋರ್‌ವೇ', 2018ರದ್ದು, ನಿರ್ದೇಶಕಿ ಆಶ್ಲಿನ್ ಕ್ಲಾರ್ಕ್. ಕತೆ ನಡೆಯೋದು 1960ರ ಐರ್ಲೆಂಡಿನಲ್ಲಿ, ಒಂದು ಮ್ಯಾಗ್ಡಲೀನ್ ಲಾಂಡ್ರಿಯಲ್ಲಿ. 'ದಾರಿ ತಪ್ಪಿದವರು' ಅಂತ ಹಣೆಪಟ್ಟಿ ಹಚ್ಚಿದ ಹೆಂಗಸರನ್ನ, ಹುಡುಗಿಯರನ್ನ ಕೂಡಿಹಾಕಿ, ಕೂಲಿ ಕೊಡದೆ ಊರವರ ಬಟ್ಟೆ ಒಗೆಸುತ್ತಿದ್ದ ಸಂಸ್ಥೆಗಳು ಅವು. ಕೊನೆಯದ್ದು ಮುಚ್ಚಿದ್ದು 1996ರಲ್ಲಿ. ಅಲ್ಲಿನ ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಮೇರಿ ಮಾತೆಯ ವಿಗ್ರಹದ ಕಣ್ಣಲ್ಲಿ ರಕ್ತ ಬರುತ್ತಿದೆ ಅನ್ನೋ ಸುದ್ದಿ ಹಿಡಿದು ಇಬ್ಬರು ಪಾದ್ರಿಗಳು 16 ಎಂಎಂ ಕ್ಯಾಮೆರಾ ಹೊತ್ತು ಬರ್ತಾರೆ. ಬಂದದ್ದು ಪವಾಡ ನೋಡೋಕೆ, ಸಿಕ್ಕಿದ್ದು ನೆಲಮಾಳಿಗೆಯಲ್ಲಿ ಸರಪಳಿ ಹಾಕಿದ ಬಸುರಿ ಹುಡುಗಿ. ನೋಡುವಾಗ ದೆವ್ವ ಬಿಟ್ಟು ಮದರ್ ಸುಪೀರಿಯರ್ ಮೇಲೆ, ಅಂದರೆ ಅಲ್ಲಿನ ಸನ್ಯಾಸಿನಿಯರ ಮುಖ್ಯಸ್ಥೆ ಮೇಲೆ ಕಣ್ಣಿಡಿ. ಆಕೆ ಯಾವ ಬಾಗಿಲು ತೆಗೀತಾರೆ, ಯಾವುದಕ್ಕೆ ಅಡ್ಡ ನಿಲ್ತಾರೆ ಅಂತ ನೋಡ್ತಾ ಹೋದರೆ ಇಡೀ ಚಿತ್ರಕತೆ ಕೈಗೆ ಸಿಗುತ್ತೆ.

ನಮ್ಮಲ್ಲಿ ದೆವ್ವ ಹಿಡಿಯೋ ಚಿತ್ರ ಅಂದರೆ ಹಿರಿಯರಿಗೆ ಈಗಲೂ ನೆನಪಾಗೋದು 1979ರ 'ನಾ ನಿನ್ನ ಬಿಡಲಾರೆ'. ಅಲ್ಲಿ ದೆವ್ವ ಹಿಡಿದದ್ದು ಗಂಡಸಿಗೆ, ಅನಂತನಾಗ್ ಪಾತ್ರಕ್ಕೆ. ಅವನಿಗೊಂದು ಮನೆಯಿದೆ. ಲಕ್ಷ್ಮಿಯಂಥ ಹೆಂಡತಿ ಇದ್ದಾಳೆ, ಆ ಹೆಂಡತಿಗೆ ಮಂತ್ರಾಲಯದ ರಾಯರಿದ್ದಾರೆ. ಅಂದರೆ ಅವನ ಪರವಾಗಿ ಓಡಾಡೋರು ಇದ್ದಾರೆ. ನಿಮ್ಮ ಹುಡುಗಿಗೆ ಯಾರೂ ಇಲ್ಲ. ಅವಳು ಮೊದಲೇ 'ಸುಳ್ಳಿ, ಕಳ್ಳಿ' ಅಂತ ಫೈಲಿನಲ್ಲಿ ಬರೆಸಿಕೊಂಡು ಬಂದವಳು. 'ಮಂಚದ ಕೆಳಗೆ ಯಾರೋ ಇದ್ದಾರೆ ಮೇಡಂ' ಅಂದರೆ ನಾಟಕ ಅಂತಾರೆ. ತನ್ನ ಮಾತನ್ನ ಯಾರೂ ನಂಬದೇ ಇರೋ ಒಂದು ಕಟ್ಟಡದೊಳಗೆ ಅವಳು ಸಿಕ್ಕಿಬಿದ್ದಿದ್ದಾಳೆ. ಭಯ ಅಲ್ಲಿದೆ.

ಸ್ವಲ್ಪ ಕಾನೂನು ಹೇಳ್ತೀನಿ, ಆಕಳಿಸಬೇಡಿ. 'ರಿಮ್ಯಾಂಡ್ ಹೋಮ್' ಅನ್ನೋದು ಹಳೇ ಮಾತು. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಎರಡು ದಾರಿ. ಕೇಸಾದ ಮಕ್ಕಳು ಬಾಲ ನ್ಯಾಯ ಮಂಡಳಿಯ ಮುಂದೆ ಬಂದು ವೀಕ್ಷಣಾಲಯಕ್ಕೆ ಹೋಗ್ತಾರೆ. ಆಸರೆ ಬೇಕಾದ ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಬಾಲಮಂದಿರಕ್ಕೆ ಹೋಗ್ತಾರೆ. ನಿಮ್ಮ ಹುಡುಗಿ ಯಾವ ಬಾಗಿಲಿಂದ ಒಳಗೆ ಬಂದಳು ಅಂತ ಮೊದಲ ಪುಟದಲ್ಲೇ ನಿರ್ಧರಿಸಿ. ಖಾಕಿ ಹಾಕಿದ ಪೊಲೀಸು ಕೈಕೋಳ ತೊಡಿಸಿ ಎಳೆದು ತರೋ ದೃಶ್ಯ ಮೂರು ಸ್ಕ್ರಿಪ್ಟಿನಲ್ಲಿದೆ. ಮಕ್ಕಳಿಗೆ ಕೈಕೋಳ ಇಲ್ಲ, ಲಾಕಪ್ ಇಲ್ಲ, ಮಕ್ಕಳ ವಿಚಾರ ನೋಡೋ ಪೊಲೀಸ್ ಅಧಿಕಾರಿ ಮಫ್ತಿಯಲ್ಲಿರಬೇಕು. ಕಾನೂನು ಮುರಿಯೋ ಪಾತ್ರ ಬೇಕಾದರೆ ಮುರಿಯಲಿ, ಆದರೆ ಮುರಿದದ್ದು ಅಂತ ನೋಡೋರಿಗೆ ತಿಳೀಬೇಕು. 2016ರ ಮಾದರಿ ನಿಯಮದಲ್ಲಿ 25 ಮಕ್ಕಳ ಡಾರ್ಮಿಟರಿಗೆ 1000 ಚದರ ಅಡಿ ಅಂತಿದೆ. ಸೆಟ್ಟು ಹಾಕೋರಿಗೆ ಇಷ್ಟು ಸಾಕು. ತಲೆಗೆ 40 ಚದರ ಅಡಿ, ಒಂದು ಕಬ್ಬಿಣದ ಮಂಚ, ಅದರ ಕೆಳಗೆ ಒಂದು ಟ್ರಂಕು. ಅದೇ ಜಾಗದಲ್ಲಿ 40 ಮಂಚ ತುರುಕಿ ನೋಡಿ, ದೆವ್ವ ಬರೋ ಮೊದಲೇ ಉಸಿರು ಕಟ್ಟುತ್ತೆ.

ನಿಜವಾದ ಬಾಲಮಂದಿರದಲ್ಲಿ ಶೂಟ್ ಮಾಡೋ ಆಸೆ ಬಿಡಿ. ಅಲ್ಲಿನ ಮಗುವಿನ ಗುರುತು ಹೊರಗೆ ಬಂದರೆ ಅದೇ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಎಲ್ಲಿಗೆ ಹೋಗೋದು? 'ಸಾರ್, ಶೆಟ್ಟಿಹಳ್ಳಿ ಚರ್ಚು' ಅಂತ ಹಿಂದಿನ ಸಾಲಿಂದ ಬರುತ್ತೆ ಅಂತ ಗೊತ್ತಿತ್ತು. ಬೇಡಪ್ಪಾ. ಗೊರೂರು ಹಿನ್ನೀರಲ್ಲಿ ಅರ್ಧ ಮುಳುಗಿ ಏಳೋ ಆ ಗೋಡೆಗಳು ಮದುವೆ ಫೋಟೋಗಳಲ್ಲೇ ಸವೆದುಹೋಗಿವೆ. ಅದಿರಲಿ, ಅಲ್ಲಿ ಛಾವಣಿಯಿಲ್ಲ, ಬಾಗಿಲಿಲ್ಲ. ಬಾಗಿಲಿಲ್ಲದ ಮೇಲೆ ಬೀಗವೆಲ್ಲಿ? ಪಾಳುಬಿದ್ದ ಜಾಗದಲ್ಲಿ ದೆವ್ವ ಇರುತ್ತೆ ಅಂತ ನೋಡೋರು ಮೊದಲೇ ಒಪ್ಪಿಕೊಂಡು ಬಂದಿರ್ತಾರೆ. ನಿಮಗೆ ಬೇಕಾದ್ದು ಬೆಳಗ್ಗೆ ಉಪ್ಪಿಟ್ಟಿನ ವಾಸನೆ ಬರೋ ಕಟ್ಟಡ. ಮಕ್ಕಳು ಕಡಿಮೆಯಾಗಿ ಮುಚ್ಚಿದ ಸರ್ಕಾರಿ ಶಾಲೆ, ಹಳೇ ಹಾಸ್ಟೆಲು, ಕಾಫಿ ಗೋದಾಮು ನೋಡಿ. ಗೋಡೆಗೆ ಕೆಳಗಿನ ನಾಲ್ಕಡಿ ಕಡು ಬಣ್ಣ, ಮೇಲೆ ಸುಣ್ಣ ಬಳಿದರೆ ಆಫೀಸಿನ ಕಳೆ ಬಂದುಬಿಡುತ್ತೆ.

ಇನ್ನು ದಿನಚರಿ. ಅರ್ಧ ಗಂಟೆಯ ಚಿತ್ರದಲ್ಲಿ ಮೊದಲ ಹತ್ತು ನಿಮಿಷ ದೆವ್ವದ ಸುಳಿವೇ ಬೇಡ. ಬೆಲ್ಲು, ಹಾಜರಿ, ತಟ್ಟೆ ಹಿಡಿದ ಸಾಲು, ರಾತ್ರಿ ಬೀಗ. ಹಾಜರಿ ದೃಶ್ಯವನ್ನ ಮೂರು ಸಲ ತೋರಿಸಿ. ಮೂರು ಸಲವೂ ಕ್ಯಾಮೆರಾ ಅದೇ ಜಾಗದಲ್ಲಿ, ಅದೇ 35 ಎಂಎಂ ಲೆನ್ಸು, ಕೂತ ಹುಡುಗಿಯ ಕಣ್ಣಿನ ಎತ್ತರ. ಮೇಟ್ರನ್, ಅಂದರೆ ಹುಡುಗಿಯರನ್ನ ನೋಡಿಕೊಳ್ಳೋ ಮೇಡಂ, ಒಂದರಿಂದ ಇಪ್ಪತ್ತೈದರವರೆಗೆ ಕೂಗ್ತಾರೆ, ಒಬ್ಬೊಬ್ಬಳೂ 'ಹಾಜರ್ ಮೇಡಂ' ಅಂತಾಳೆ. ನಾಲ್ಕನೇ ಸಲ ರಿಜಿಸ್ಟರ್ ಮುಚ್ಚಿದ ಮೇಲೆ ಇನ್ನೊಂದು 'ಹಾಜರ್'. ಕ್ಯಾಮೆರಾ ತಿರುಗಿಸಬೇಡಿ. ಮೇಟ್ರನ್ ತಲೆಯೆತ್ತಲಿ, ಸಾಕು. ಮೊದಲ ಮೂರರಲ್ಲಿ ಒಂದನ್ನ ಎಡಿಟಿಂಗ್ ಟೇಬಲ್ಲಿನಲ್ಲಿ 'ಲ್ಯಾಗು' ಅಂತ ಕತ್ತರಿಸಿದಿರೋ, ನಾಲ್ಕನೆಯದ್ದು ಸತ್ತಿತು. ಎಣಿಕೆ ನೋಡೋರ ಬಾಯಲ್ಲಿ ಕೂರಬೇಕು.

ಮೈಮೇಲೆ ಬಂದಾಗ ಮಾತು ಹೇಗಿರಬೇಕು? ಎಲ್ಲ ಸ್ಕ್ರಿಪ್ಟಿನಲ್ಲೂ 'ನಿನ್ನನ್ನು ಬಿಡುವುದಿಲ್ಲ, ರಕ್ತ ಹೀರುತ್ತೇನೆ'. ಯಕ್ಷಗಾನದ ರಕ್ಕಸನೂ ಇಷ್ಟು ಗ್ರಂಥ ಮಾತಾಡಲ್ಲ! ಇಷ್ಟು ದಿನ ನೆಲ ನೋಡ್ಕೊಂಡು 'ಹೂಂ ಮೇಡಂ, ನೀವು ಹೇಳ್ದಂಗೆ' ಅಂತಿದ್ದ ಹುಡುಗಿ ಒಂದು ರಾತ್ರಿ ಮಂಚದ ಮೇಲೆ ಕೂತು, ದನಿ ಏರಿಸದೆ, 'ಏ, ಬಾರೇ ಇಲ್ಲಿ, ಕೂತ್ಕೋ' ಅನ್ನಲಿ. ಮೇಟ್ರನ್ ಕೂತುಬಿಡಲಿ. ಆಮೇಲೆ ಹುಡುಗಿ ಕೈ ಚಾಚಿ 'ಕೀಲಿ ಕೊಡು' ಅನ್ನಲಿ. ಬೀಗದ ಕೈ ಕೈ ಬದಲಾಯಿಸೋ ಆ ಕ್ಷಣವೇ ನಿಮ್ಮ ಕ್ಲೈಮ್ಯಾಕ್ಸು. ಗ್ರಾಫಿಕ್ಸ್ ದುಡ್ಡೂ ಉಳಿಯಿತು.

ದನಿಯ ವಿಷಯ ಬಂತು, 'ದಿ ಎಕ್ಸಾರ್ಸಿಸ್ಟ್' ಬಗ್ಗೆ ಹೇಳದೆ ಬಿಡೋಕಾಗಲ್ಲ. 1973ರ ಚಿತ್ರ, ಫ್ರೀಡ್ಕಿನ್ ನಿರ್ದೇಶನ. ದೆವ್ವ ಹಿಡಿದ ಹುಡುಗಿ ಲಿಂಡಾ ಬ್ಲೇರ್, ಆದರೆ ದೆವ್ವದ ದನಿ ಮರ್ಸಿಡೀಸ್ ಮೆಕ್‌ಕ್ಯಾಂಬ್ರಿಜ್ ಅನ್ನೋ ಹೆಂಗಸಿನದ್ದು. ಆಕೆ ರೇಡಿಯೋ ನಾಟಕದಲ್ಲಿ ಪಳಗಿದವರು, 1949ರ ಚಿತ್ರವೊಂದಕ್ಕೆ ಪೋಷಕ ನಟಿ ಆಸ್ಕರ್ ಪಡೆದವರು. ನಮ್ಮ ಹಾಸನ ಆಕಾಶವಾಣಿಗೆ ನಾಟಕ ಓದಿದ ಅಕ್ಕಂದಿರು ಇಲ್ಲಿದ್ದರೆ ಕಿವಿಗೊಡಿ, ಇದು ನಿಮ್ಮದೇ ಕತೆ. ಗಂಡಸಿನದ್ದೂ ಅಲ್ಲದ, ಹೆಂಗಸಿನದ್ದೂ ಅಲ್ಲದ ದನಿ ಬೇಕಿತ್ತು. ಆಕೆ ಹಸಿ ಮೊಟ್ಟೆ ನುಂಗಿದರು, ಸಿಗರೇಟಿನ ಮೇಲೆ ಸಿಗರೇಟು ಸೇದಿದರು, ಕುಡಿತ ಬಿಟ್ಟಿದ್ದವರು ಮತ್ತೆ ವಿಸ್ಕಿ ಮುಟ್ಟಿದರು. ತಮ್ಮನ್ನ ಕುರ್ಚಿಗೆ ಕಟ್ಟಿಸಿಕೊಂಡು ಹೆಣಗಾಡುತ್ತಾ ಡಬ್ ಮಾಡಿದರು. ಎದೆಯಲ್ಲಿ ಮೊದಲೇ ಇದ್ದ ಗೊರಗೊರ ಉಬ್ಬಸವನ್ನೂ ಬಿಡದೆ ಬಳಸಿಕೊಂಡರು. ಇಷ್ಟೆಲ್ಲ ಮಾಡಿ ಥಿಯೇಟರಿಗೆ ಹೋಗಿ ನೋಡಿದರೆ ಪರದೆ ಮೇಲೆ ಹೆಸರೇ ಇಲ್ಲ! ಜಗಳವಾಡಿ ಹಾಕಿಸಿಕೊಂಡರು. ಆ ಚಿತ್ರಕ್ಕೆ ಬಂದ ಎರಡು ಆಸ್ಕರ್‌ಗಳಲ್ಲಿ ಒಂದು ಧ್ವನಿಗೆ. ನೀವು ಟೈಟಲ್ ಕಾರ್ಡು ಬರೆಯುವಾಗ ಡಬ್ಬಿಂಗ್ ಕಲಾವಿದೆಯ ಹೆಸರು ಮರೀಬೇಡಿ ಅಂತ ಇಷ್ಟು ಉದ್ದ ಎಳೆದೆ.

ನೀವು ವಿಸ್ಕಿ ಕುಡಿಸಬೇಕಾಗಿಲ್ಲ. ಮೈಕಿಗೆ ನಾಲ್ಕೈದು ಇಂಚು ಹತ್ತಿರ ಕೂರಿಸಿ ಪಿಸುಗುಟ್ಟಿಸಿ, ಕಿರುಚಿಸಬೇಡಿ. ರೆಕಾರ್ಡರ್ ಮೀಟರಿನಲ್ಲಿ ಸದ್ದಿನ ಮಟ್ಟ ಮೈನಸ್ 12 ಡೆಸಿಬಲ್ ದಾಟದಿರಲಿ. ಆಮೇಲೆ ಒಂದು ಕಾಪಿ ಮಾಡಿ ಸ್ವರವನ್ನ ಮೂರು ಸೆಮಿಟೋನ್, ಅಂದರೆ ಮೂರು ಅರ್ಧಸ್ವರ ಇಳಿಸಿ, ಮೂಲದ ಕೆಳಗೆ ಸಣ್ಣದಾಗಿ ಸೇರಿಸಿ. ಇನ್ನೂ ಇಳಿಸಿದರೆ ಕಾರ್ಟೂನ್ ರಾಕ್ಷಸ ಆಗುತ್ತೆ. ಇಳಿಸಿದಾಗ 'ಸ', 'ಶ' ಕಲಸಿಹೋಗುತ್ತೆ, ಆ ಅಕ್ಷರಗಳಲ್ಲಿ ಮೂಲವನ್ನೇ ಮೇಲೆ ಬಿಡಿ.

ಅದೇ ಚಿತ್ರದಲ್ಲಿ ಹುಡುಗಿಯ ಕತ್ತು ತಿರುಗೋ ಲಟಲಟ ಸದ್ದು ಬಂದಿದ್ದು ಹಳೇ ಚರ್ಮದ ಪರ್ಸನ್ನ ಮೈಕಿನ ಮುಂದೆ ತಿರುಚಿದ್ದರಿಂದ. ನಮ್ಮಲ್ಲಿ ಅದಕ್ಕಿಂತ ಚೆನ್ನಾದ್ದಿದೆ, ಒಣಗಿದ ಅಡಿಕೆ ಹಾಳೆ. ಮೆಲ್ಲಗೆ ತಿರುಚಿದರೆ ಮೂಳೆ, ಜೋರಾಗಿ ಮಡಿಸಿದರೆ ಬಾಗಿಲು. ತೀರಾ ಒಣಗಿದ್ದರೆ ಸೀಳಿಹೋಗುತ್ತೆ, ಸ್ವಲ್ಪ ನೀರು ಚಿಮುಕಿಸಿಕೊಳ್ಳಿ. ಬೀಗದ ಕೈ ಗೊಂಚಲಿನ ಸದ್ದನ್ನಂತೂ ಬೇರೆಯಾಗಿ ರೆಕಾರ್ಡ್ ಮಾಡಿ. ಹಳೇ ಕಬ್ಬಿಣದ ಕೀಲಿಗಳೇ ಆಗಬೇಕು, ಸ್ಕೂಟರ್ ಕೀಲಿ ಕಿಣಿಕಿಣಿ ಅಂದುಬಿಡುತ್ತೆ. ಮೊದಲರ್ಧದಲ್ಲಿ ಆ ಸದ್ದು ಬಂದಾಗೆಲ್ಲ ಮೇಟ್ರನ್ ಬರಲಿ. ನಂತರ ಒಂದು ರಾತ್ರಿ ಮೇಟ್ರನ್ ಗೊರಕೆ ಹೊಡೀತಾ ಮಲಗಿರಲಿ, ಗೊಂಚಲಿನ ಸದ್ದು ಮಾತ್ರ ಮಂಚಗಳ ನಡುವೆ ನಡೀಲಿ. ಸಕಲೇಶಪುರ, ಮೂಡಿಗೆರೆ ಕಡೆ ಶೂಟ್ ಮಾಡೋರಿಗೆ ಜೀರುಂಡೆ ಕಾಟ ಇದ್ದೇ ಇದೆ. ಒಂದೊಂದು ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಜಾಗದ ಸದ್ದು ಹಿಡಿದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಕಟ್ ಆದಾಗೆಲ್ಲ ಜೀರುಂಡೆ ಹಾರಿಹೋಗಿ ವಾಪಸ್ ಬರುತ್ತೆ.

ಬೆಳಕು. ಹೋಮಿನಲ್ಲಿ ಟ್ಯೂಬ್‌ಲೈಟು ಇರಲೇಬೇಕು. ನಮ್ಮ ಕರೆಂಟು 50 ಹರ್ಟ್ಸ್. 25 ಫ್ರೇಮಿನಲ್ಲಿ ತೆಗೆದರೆ ಶಟರ್ 1/50, 24 ಫ್ರೇಮಾದರೆ ಶಟರ್ ಕೋನ 172.8 ಡಿಗ್ರಿ. ಇಲ್ಲದಿದ್ದರೆ ಗೋಡೆ ಮೇಲೆ ಅಲೆ ಏಳುತ್ತೆ, ಅದನ್ನ ದೆವ್ವ ಅಂತ ಯಾರೂ ನಂಬಲ್ಲ. ಬಾಯಿಂದ ಹಬೆ ಬರಬೇಕು ಅಂತ ಎಕ್ಸಾರ್ಸಿಸ್ಟ್‌ನವರು ಇಡೀ ಸೆಟ್ಟನ್ನೇ ಫ್ರಿಜ್ಜು ಮಾಡಿದ್ದರು. ನೀವು ಡಿಸೆಂಬರ್ ಬೆಳಗಿನ ಜಾವ ಬಾಬಾಬುಡನಗಿರಿ ಕಡೆ ಹೋಗಿ. ಆದರೂ ಹಬೆ ಕಾಣ್ತಿಲ್ಲ ಅಂತೀರಿ, ಯಾಕಂದರೆ ಲೈಟು ಮುಂದಿಟ್ಟಿರ್ತೀರಿ. ಲೈಟು ಹಿಂದೆ, ಕೊಂಚ ಪಕ್ಕಕ್ಕೆ, ಹಿನ್ನೆಲೆ ಕಪ್ಪು. ಟೇಕಿಗೆ ಮುಂಚೆ ನಟಿಗೆ ಬಿಸಿ ಕಾಫಿ. ಎರಡು ನಿಮಿಷದೊಳಗೆ ತೆಗೀಬೇಕು.

ಚೀಟಿ ಬಂತು, ಹತ್ತು ನಿಮಿಷವಂತೆ. ಸರಿ, ಓಡ್ತೀನಿ.

ಮಂಚ ಅಲ್ಲಾಡಿಸೋದು. ಕ್ಯಾಮೆರಾ ಅಲ್ಲಾಡಿಸಬೇಡಿ, ಮಂಚವನ್ನೇ ಅಲ್ಲಾಡಿಸಿ. ತಲೆ ಕಡೆಯ ಎರಡು ಕಾಲು ನೆಲಕ್ಕೆ ಬಿಗಿ, ಕಾಲ ಕಡೆಗೆ ಬಿದಿರಿನ ಸನ್ನೆಗೋಲು, ಫ್ರೇಮಿನಾಚೆ ಇಬ್ಬರು. ನಟಿಯನ್ನ ಯಾವ ಕಾರಣಕ್ಕೂ ಹಗ್ಗ ಕಟ್ಟಿ ಎಳೀಬೇಡಿ. ಎಕ್ಸಾರ್ಸಿಸ್ಟ್‌ನಲ್ಲಿ ತಾಯಿ ಪಾತ್ರದ ಎಲೆನ್ ಬರ್ಸ್ಟಿನ್‌ರನ್ನ ಹಾಗೆ ಎಳೆದು ಬೆನ್ನುಮೂಳೆಯ ಬುಡಕ್ಕೆ ಪೆಟ್ಟಾಯಿತು, ಚಿತ್ರದಲ್ಲಿರೋ ಆ ಕಿರುಚಾಟ ನಿಜದ್ದು. ಏದುಸಿರು ಬಿಡೋ ಟೇಕು ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿ. ಜಾಸ್ತಿಯಾದರೆ ಬೆರಳು ಜುಮ್ಮೆಂದು ತಲೆ ಸುತ್ತುತ್ತೆ.

ರಕ್ತ: ಬೇಕರಿಯವರು ತರಿಸೋ ಲಿಕ್ವಿಡ್ ಗ್ಲೂಕೋಸ್ ಮೂರು ಭಾಗ, ನೀರು ಒಂದು, ತಿನ್ನೋ ಕೆಂಪು ಬಣ್ಣ, ಒಂದು ಹನಿ ನೀಲಿ. ಟ್ಯೂಬ್‌ಲೈಟಿನಡಿ ಗುಲಾಬಿ ಕಾಣಿಸಿದರೆ ಚಮಚ ಗಟ್ಟಿ ಡಿಕಾಕ್ಷನ್ ಹಾಕಿ, ಚಿಕ್ಕಮಗಳೂರಿನವರಿಗೆ ಇದನ್ನೂ ಹೇಳಬೇಕಾ! ಬಟ್ಟೆ ಮೇಲೆ ಸುರಿಯೋ ರಕ್ತಕ್ಕೆ ಸ್ವಲ್ಪ ಲಿಕ್ವಿಡ್ ಸೋಪು ಸೇರಿಸಿದರೆ ಕಲೆ ಹೋಗೋದು ಸುಲಭ. ಅದು ಬಾಯಿಗೆ ಹೋಗಬಾರದು. ಎರಡು ಬಾಟ್ಲಿ, ಎರಡು ಚೀಟಿ. ಸಕ್ಕರೆ ಪಾಕ, ಇರುವೆ ಮುತ್ತುತ್ತೆ, ಮಂಚದ ಕಾಲಿಗೆ ನೀರಿನ ಬಟ್ಟಲಿಡಿ.

ಬಿಳಿ ಕಣ್ಣಿನ ಲೆನ್ಸು ಬೇಡ. ಹಾಕಲೇಬೇಕಾದರೆ ಕಣ್ಣಿನ ಡಾಕ್ಟರ ಹತ್ತಿರ ಅಳತೆ ತೆಗೆಸಿ, ಒಬ್ಬರದ್ದು ಇನ್ನೊಬ್ಬರಿಗೆ ಹಾಕಬೇಡಿ.

ದೆವ್ವ ಬಿಡಿಸೋ ದೃಶ್ಯದಲ್ಲಿ ಮೆಣಸಿನಕಾಯಿ ಹೊಗೆ, ಹಗ್ಗ, ಚಾಟಿ. ಇವೆಲ್ಲ ನಮ್ಮ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ, 2020ರಿಂದ ಜಾರಿಯಲ್ಲಿದೆ. ತೋರಿಸಿ, ಆದರೆ ಅದರಿಂದ ಹುಡುಗಿ ವಾಸಿಯಾದಳು ಅಂತ ಮಾತ್ರ ತೋರಿಸಬೇಡಿ.

14 ತುಂಬದ ಮಕ್ಕಳಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಅನುಮತಿ ಮೊದಲು. ದಿನಕ್ಕೆ 5 ಗಂಟೆ ಮೀರಬಾರದು, ಸತತ 3 ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ದುಡಿಸಬಾರದು, ಐದು ಮಕ್ಕಳಿಗೆ ಒಬ್ಬ ಜವಾಬ್ದಾರಿ ವ್ಯಕ್ತಿ, ಸಂಭಾವನೆಯಲ್ಲಿ ಕನಿಷ್ಠ 20 ಪರ್ಸೆಂಟು ಮಗುವಿನ ಹೆಸರಲ್ಲಿ ಎಫ್‌ಡಿ. ಇಡೀ ರಾತ್ರಿ ಶೂಟಿಂಗ್ ಪ್ಲಾನ್ ಹಾಕಿರೋ ತಂಡ, ನಿಮಗೇ ಹೇಳ್ತಿರೋದು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಹಗಲಲ್ಲೇ ರಾತ್ರಿ ಮಾಡಿಕೊಳ್ಳಿ.

ಎಡಿಟಿಂಗ್ ಬಗ್ಗೆ, ಮ್ಯೂಸಿಕ್ ಬಗ್ಗೆ ಬರೆದುಕೊಂಡ ಹಾಳೆ ಹಾಗೇ ಉಳಿಯಿತು. ಮ್ಯೂಸಿಕ್ ಆದಷ್ಟೂ ಕಡಿಮೆ, ಅಷ್ಟು ಸಾಕು. ಈಗ ಕಾಫಿ ಕುಡಿದು ಬನ್ನಿ, ಆರೂವರೆಗೆ ಚಿತ್ರ ಶುರು. ಸ್ಕ್ರಿಪ್ಟು ವಾಪಸ್ ಬೇಕಾದವರು ಎಡಗಡೆ ಟೇಬಲ್ಲಿನಲ್ಲಿ ತಗೊಳ್ಳಿ, ಕೆಂಪು ಶಾಯಿಯಲ್ಲಿ ಬೀಗದ ಗುರುತು ಹಾಕಿರೋ ಪುಟಗಳನ್ನ ಮತ್ತೆ ಬರೀರಿ.