ವಿಮಾನ ಕಲಿಯುವಾಗ ಬಿಡಬೇಕಾದ ಅಭ್ಯಾಸಗಳು

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಂಜೆ, ಅದೂ ಮೈಸೂರಿನಲ್ಲಿ, ಇಷ್ಟು ಜನ ಮನೆಯಿಂದ ಹೊರಟು ಬಂದಿದ್ದೀರಿ ಅಂದರೆ ದೊಡ್ಡ ವಿಷಯವೇ. ಸಣ್ಣ ವಿಮಾನ ಹಾರಿಸಲು ಕಲಿಯುವ ಬಗ್ಗೆ ಮಾತಾಡಿ ಅಂತ ಬಳಗದವರು ಕೇಳಿದರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನಿನ್ನೂ ಪೂರ್ತಿ ಪೈಲಟ್ ಅಲ್ಲ. ನನ್ನ ಹತ್ತಿರ ಇರುವುದು ವಿದ್ಯಾರ್ಥಿ ಲೈಸೆನ್ಸ್ ಮಾತ್ರ. ಆದರೆ ಸಾವಿರಾರು ಗಂಟೆ ಹಾರಿದವರಿಗೆ ಮೊದಲ ದಿನಗಳ ತಬ್ಬಿಬ್ಬು ಮರೆತುಹೋಗಿರುತ್ತದೆ. ನನಗೆ ಅದು ಇನ್ನೂ ಹಸಿಯಾಗಿದೆ. ಇವತ್ತು ಮಾತಾಡಲು ನನಗಿರುವ ಅರ್ಹತೆ ಅದೊಂದೇ.

ವಿಷಯ ತಿಳಿದ ಕೂಡಲೇ ಜನ ಕೇಳುವುದು ಇಷ್ಟು. ಭಯ ಆಗಲ್ವಾ? ಎಷ್ಟು ಖರ್ಚಾಗುತ್ತೆ? ಈ ವಯಸ್ಸಲ್ಲಿ ಯಾವ ಕಂಪನಿ ತಗೊಳ್ಳುತ್ತೆ? ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಯಾವ ಕಂಪನಿಯೂ ಬೇಡ. ಕಾರಿನ ಲೈಸೆನ್ಸ್ ತೆಗೆದುಕೊಂಡವರೆಲ್ಲ ಬಸ್ ಡ್ರೈವರ್ ಆಗುವುದಿಲ್ಲ, ಅಲ್ವಾ? ಸಂಬಳಕ್ಕೆ ಹಾರಿಸಬೇಕಾದರೆ ಕಮರ್ಷಿಯಲ್ ಲೈಸೆನ್ಸ್ ಬೇಕು, ಅದಕ್ಕೆ 200 ಗಂಟೆ ಹಾರಾಟ. ಸುಮ್ನೆ ಇಷ್ಟಕ್ಕೆ ಹಾರಿಸುವವರಿಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಾಕು, 40 ಗಂಟೆ. ವಿದ್ಯಾರ್ಥಿ ಲೈಸೆನ್ಸಿಗೆ 16 ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಿಮಾನಯಾನದ ಸರ್ಕಾರಿ ನಿಯಂತ್ರಕರಾದ ಡಿಜಿಸಿಎ ಒಪ್ಪಿದ ವೈದ್ಯರು ಮೈಕೈ ನೋಡಿ ಸರಿ ಅನ್ನಬೇಕು. ಖರ್ಚು? ಒಂದು ಗಂಟೆಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಇಂಜಿನ್ ಶುರುವಾದ ಕ್ಷಣದಿಂದ ಮೀಟರ್ ಓಡುತ್ತದೆ. ರನ್‌ವೇ ಪಕ್ಕ ನಿಂತು, ಹೈದರಾಬಾದಿನಿಂದ ಬರುವ ಎಟಿಆರ್ ವಿಮಾನ ಇಳಿಯಲಿ ಅಂತ ಕಾಯುವಾಗಲೂ ಓಡುತ್ತದೆ. ಅಷ್ಟೊತ್ತು ನನ್ನ ಕಣ್ಣು ಆಕಾಶದ ಮೇಲಿಲ್ಲ, ಮೀಟರಿನ ಮೇಲೆ!

ಭಯದ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಈ ಸಂಜೆಯ ಮಾತೆಲ್ಲ ಅದರ ಸುತ್ತಲೇ ಇದೆ ಅಂದುಕೊಳ್ಳಿ. ನಾನು ಹೆದರಿದ್ದು ಎತ್ತರಕ್ಕೆ. ಎತ್ತರ ಏನೂ ಮಾಡಲಿಲ್ಲ. ಕಷ್ಟ ಕೊಟ್ಟಿದ್ದು ನೆಲದ ಮೇಲೆ ಇಷ್ಟು ವರ್ಷ ಬದುಕಿ ಮೈಗಂಟಿಸಿಕೊಂಡ ಅಭ್ಯಾಸಗಳು.

ನಮ್ಮ ರಾಜ್ಯಕ್ಕೆ ವಿಮಾನ ಹೊಸದೇನಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದಾಗ ಮೈಸೂರು ಸಂಸ್ಥಾನ ಅದರಲ್ಲಿ ಹಣ ಹಾಕಿತ್ತು. ಅದೇ ಇಂದಿನ ಎಚ್‌ಎಎಲ್. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆ 1940ರ ದಶಕದ ಕೊನೆಯದು. ಎಚ್‌ಟಿ-2 ಅನ್ನುವ ತರಬೇತಿ ವಿಮಾನ 1951ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿತು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಎರಡು ಸೀಟಿನ ಹಂಸ 1993ರಲ್ಲಿ ಹಾರಿತು. ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ 2010ರಿಂದ ಈಚೆಗಷ್ಟೇ ಈಗಿನ ರೂಪಕ್ಕೆ ಬಂದಿದೆ. ನಂಜನಗೂಡು ರಸ್ತೆಯಲ್ಲಿ ಹೋಗುವಾಗ ನೀವೆಲ್ಲ ನೋಡಿರುತ್ತೀರಿ. ರನ್‌ವೇ ಉದ್ದ 1,740 ಮೀಟರ್. ದೊಡ್ಡ ಜೆಟ್ ವಿಮಾನಗಳಿಗೆ ಸಾಲದು ಅಂತ ಊರಲ್ಲಿ ಕೊರಗಿದೆ. ನಾನು ಕಲಿಯುವ ಸೆಸ್ನಾ 172ಕ್ಕೆ ಅದು ಮೈದಾನ. ಇಳಿದ ಮೇಲೆ ಇನ್ನೂರು ಮುನ್ನೂರು ಮೀಟರಿನಲ್ಲಿ ನಿಂತುಬಿಡುತ್ತದೆ.

ಮೊದಲ ಪಾಠ ನೆಲದ ಮೇಲೆ. ಹಾರುವ ಮುಂಚೆ ವಿಮಾನದ ಸುತ್ತ ಒಂದು ಪ್ರದಕ್ಷಿಣೆ. ಟೈರು, ಆಯಿಲ್, ರೆಕ್ಕೆಯ ಕೀಲುಗಳು, ಎಲ್ಲ ಕೈಯಿಂದ ಮುಟ್ಟಿ ನೋಡಬೇಕು. ರೆಕ್ಕೆ ಕೆಳಗೆ ಬಗ್ಗಿ, ಟ್ಯಾಂಕಿನಿಂದ ಪೆಟ್ರೋಲನ್ನು ಸಣ್ಣ ಪಾರದರ್ಶಕ ಕಪ್ಪಿಗೆ ಇಳಿಸಿಕೊಂಡು ಬೆಳಕಿಗೆ ಹಿಡಿಯಬೇಕು. ಈ ಪೆಟ್ರೋಲಿನ ಬಣ್ಣ ತಿಳಿನೀಲಿ. ಬೇರೆ ಇಂಧನದ ಜತೆ ಗೊಂದಲ ಆಗದಿರಲಿ ಅಂತ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ಅದು ಭಾರ, ತಳದಲ್ಲಿ ಗುಳ್ಳೆಯಾಗಿ ಕೂತಿರುತ್ತದೆ. ರಾತ್ರಿ ತಂಪಿಗೆ ಟ್ಯಾಂಕಿನೊಳಗಿನ ಗಾಳಿಯಲ್ಲಿರುವ ತೇವ ಹನಿಯಾಗಿ ಇಳಿಯುವುದುಂಟು. ಇನ್ನೊಂದು, ರೆಕ್ಕೆಯಡಿ ಪೀಟೊ ಅನ್ನುವ ಸಣ್ಣ ಕೊಳವೆ. ವೇಗ ತೋರಿಸುವ ಗಡಿಯಾರಕ್ಕೆ ಗಾಳಿಯ ಒತ್ತಡ ಹೋಗುವುದು ಅಲ್ಲಿಂದ. ಆ ತೂತು ಕಂಡರೆ ಕಣಜಕ್ಕೆ ಎಲ್ಲಿಲ್ಲದ ಪ್ರೀತಿ, ಮಣ್ಣು ತುಂಬಿ ಗೂಡು ಕಟ್ಟಿಬಿಡುತ್ತದೆ. ಅದಕ್ಕೇ ನಿಂತಾಗ ಅದಕ್ಕೊಂದು ಕವರ್. ಹೊರಡುವಾಗ ಆ ಕವರ್ ತೆಗೆಯುವುದು ಇನ್ನೂ ಮುಖ್ಯ.

ಆಮೇಲೆ ವಿಮಾನವನ್ನು ನೆಲದ ಮೇಲೆ ನಡೆಸುವುದು. ಕಾರು ಓಡಿಸುವವರಿಗೆ ಇಲ್ಲೇ ಮೊದಲ ಪೆಟ್ಟು. ಮುಂದೆ ಸ್ಟೀರಿಂಗ್ ಥರದ್ದೊಂದು ಇದೆ, ಯೋಕ್ ಅಂತಾರೆ. ಕೈ ತಾನಾಗಿ ಅದನ್ನು ತಿರುಗಿಸುತ್ತದೆ. ವಿಮಾನ ಮಾತ್ರ ತನ್ನ ಪಾಡಿಗೆ ಹಳದಿ ಗೆರೆ ಬಿಟ್ಟು ಹುಲ್ಲಿನ ಕಡೆ ಹೊರಡುತ್ತದೆ. ಯಾಕೆಂದರೆ ನೆಲದ ಮೇಲೆ ದಿಕ್ಕು ಬದಲಿಸುವುದು ಕಾಲು. ಎರಡು ಪೆಡಲ್, ಎಡಕ್ಕೆ ಎಡ, ಬಲಕ್ಕೆ ಬಲ. ಬ್ರೇಕು ಅದೇ ಪೆಡಲಿನ ತುದಿಯಲ್ಲಿ. ಕೈಗೆ ಕೆಲಸ ಇಲ್ಲ. ನನ್ನ ಗುರುಗಳು ಮಂಡ್ಯ ಕಡೆಯ ಹುಡುಗ, ನನ್ನ ಮಗನಿಗಿಂತ ಸ್ವಲ್ಪ ದೊಡ್ಡವರಿರಬೇಕು. ನನ್ನ ಎರಡೂ ಕೈ ತೊಡೆ ಮೇಲೆ ಇಡಿಸಿದರು. "ಕೈ ಆಡಿಸ್ಬೇಡಿ ಮೇಡಂ, ಕಾಲಲ್ಲಿ ನಡ್ಸಿ" ಅಂದರು.

ಇಂಜಿನ್ನಿನ ಶಕ್ತಿ ಹೆಚ್ಚು ಕಮ್ಮಿ ಮಾಡುವ ಥ್ರಾಟಲ್ ಪೂರ್ತಿ ಒತ್ತಿದಾಗ ಮೂತಿ ಎಡಕ್ಕೆ ಎಳೆಯುತ್ತದೆ. ಪ್ರತಿ ಸಲವೂ ಹೀಗೇ. ಪ್ರೊಪೆಲರ್ ಗಾಳಿಯನ್ನು ಸುರುಳಿಯಾಗಿ ಹಿಂದಕ್ಕೆ ತಳ್ಳುತ್ತದೆ, ಆ ಸುರುಳಿ ಬಾಲದ ಎಡಮಗ್ಗುಲಿಗೆ ಬಡಿಯುತ್ತದೆ. ಮೂತಿ ಎತ್ತಿದ ಮೇಲೆ ಪ್ರೊಪೆಲರಿನ ಬಲಗಡೆ ಇಳಿಯುವ ಎಲೆ ಜಾಸ್ತಿ ಗಾಳಿ ಕಚ್ಚುತ್ತದೆ. ಎಲ್ಲ ಸೇರಿ ಎಡಕ್ಕೇ. ಅದಕ್ಕೆ ಬಲಗಾಲು ಒತ್ತಬೇಕು. ವಿದ್ಯಾರ್ಥಿಗಳು ದಿನಕ್ಕೆ ಅತಿ ಹೆಚ್ಚು ಸಲ ಕೇಳುವ ಮಾತು ಇದೇ ಇರಬೇಕು: ರೈಟ್ ರಡ್ಡರ್, ರೈಟ್ ರಡ್ಡರ್. ರಡ್ಡರ್ ಅಂದರೆ ಆ ಪೆಡಲಿನಿಂದ ತಿರುಗುವ ಬಾಲದ ಹಲಗೆ. ಸುಮಾರು 55 ನಾಟ್ ಬಂದಾಗ, ಅಂದರೆ ಗಂಟೆಗೆ ನೂರು ಕಿಲೋಮೀಟರು, ಯೋಕನ್ನು ಸ್ವಲ್ಪ ಹಿಂದಕ್ಕೆ ತಂದರೆ ಸಾಕು. ಗಡಗಡ ಸದ್ದು ನಿಂತಿತು ಅಂದರೆ ನೆಲ ಬಿಟ್ಟಾಯಿತು.

ಈಗ ಮೇಲಿದ್ದೇವೆ. ಹೊಸಬರು ಏನು ಮಾಡುತ್ತಾರೆ? ಯೋಕನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಬಿಟ್ಟರೆ ಬೀಳುತ್ತೆ ಅಂತ. ಗಾಳಿಯ ಸಣ್ಣ ಕುಲುಕಾಟಕ್ಕೂ ಕೈ ಉತ್ತರ ಕೊಡುತ್ತದೆ. ಉತ್ತರ ತಡವಾಗಿ ಹೋಗುತ್ತದೆ, ಅಷ್ಟರಲ್ಲಿ ವಿಮಾನ ತಾನೇ ಸರಿಹೋಗಿರುತ್ತದೆ. ಈಗ ಕೈಯೇ ಅದನ್ನು ಕೆಡಿಸುತ್ತದೆ. ಹೀಗೆ ಮೇಲೆ ಕೆಳಗೆ ತೇಲುತ್ತಾ ಹೋಗುವಾಗ ನಮ್ಮ ಗುರುಗಳು ಹೇಳಿದರು: "ಕೋಳಿಮರಿ ಹಿಡಿದಂಗೆ ಹಿಡ್ಕಳಿ ಮೇಡಂ. ಬಿಡ್ರಿ, ಅದ್ರ ಪಾಡಿಗೆ ಅದು ಹೋಯ್ತದೆ." ಟ್ರಿಮ್ ಅನ್ನುವ ಒಂದು ಚಕ್ರ ಮೊಣಕಾಲಿನ ಪಕ್ಕ ಇದೆ. ಅದನ್ನು ಸರಿಯಾಗಿ ಕೂರಿಸಿ, ನನ್ನ ಕೈಯನ್ನು ತೆಗೆಸಿದರು. ವಿಮಾನ ನೇರ ಹೋಯಿತು, ನಾನು ಹಿಡಿದಾಗ ಹೋಗುತ್ತಿದ್ದಕ್ಕಿಂತ ನೇರ. ನನಗೆ ಸ್ವಲ್ಪ ಅವಮಾನವೇ ಆಯಿತು ಅನ್ನಿ. ಆದರೆ ಇದು ಪವಾಡ ಅಲ್ಲ. ಬಾಲ, ರೆಕ್ಕೆ, ಭಾರ ಎಲ್ಲಿ ಕೂತಿದೆ ಅನ್ನುವುದು, ಎಲ್ಲವನ್ನೂ ಹಾಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಮೂತಿ ಸ್ವಲ್ಪ ಎದ್ದರೆ ವೇಗ ತಗ್ಗಿ ತಾನೇ ಇಳಿಯುತ್ತದೆ, ಇಳಿದರೆ ವೇಗ ಹೆಚ್ಚಿ ತಾನೇ ಏಳುತ್ತದೆ.

ಇನ್ನೊಂದು ಅಭ್ಯಾಸ, ವೇಗ, ಎತ್ತರ ತೋರಿಸುವ ಗಡಿಯಾರಗಳನ್ನೇ ನೋಡುತ್ತಾ ಕೂರುವುದು. ಕಂಪ್ಯೂಟರಿನ ಮುಂದೆ ಕೂತವರಿಗೆ ಇದು ಜಾಸ್ತಿ. ಒಂದು ದಿನ ಗುರುಗಳು ಕಾಗದ ಅಂಟಿಸಿ ಗಡಿಯಾರ ಮುಚ್ಚಿಬಿಟ್ಟರು. ಹೊರಗೆ ನೋಡಿ, ಬಾನಂಚಿನ ಮೇಲೆ ಮೂತಿ ಎಲ್ಲಿದೆ ನೋಡಿ ಅಂದರು. ಮೈಸೂರಿನಲ್ಲಿ ಕಲಿಯುವವರಿಗೆ ಒಂದು ಅದೃಷ್ಟ ಇದೆ. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,400 ಅಡಿ. ಸರ್ಕ್ಯೂಟ್, ಅಂದರೆ ನಿಲ್ದಾಣದ ಸುತ್ತ ಹಾಕುವ ಅಭ್ಯಾಸದ ಸುತ್ತು, ಸುತ್ತುವುದು ನೆಲದಿಂದ ಸಾವಿರ ಅಡಿ ಮೇಲೆ, ಅಂದರೆ 3,400. ಚಾಮುಂಡಿ ಬೆಟ್ಟದ ತುದಿ 3,489 ಅಡಿ. ಬೆಟ್ಟ ಇರುವುದು ವಿಮಾನ ನಿಲ್ದಾಣದ ಉತ್ತರಕ್ಕೆ, ಹತ್ತಿರದಲ್ಲೇ. ಹಾಗಾಗಿ ಸರ್ಕ್ಯೂಟಿನಲ್ಲಿ ಇರುವಾಗ ತಾಯಿಯ ಬೆಟ್ಟ ಕಣ್ಣಿನ ಮಟ್ಟಕ್ಕೇ ನಿಂತಿರುತ್ತದೆ. ಗೋಪುರ ತಲೆಗಿಂತ ತುಂಬಾ ಮೇಲೆ ಕಂಡರೆ ನಾನು ಕೆಳಗಿದ್ದೇನೆ ಅಂತ ಅರ್ಥ.

ಬಿಸಿಲಿನ ಬಗ್ಗೆ ಒಂದು ಮಾತು, ಪುಸ್ತಕದಲ್ಲಿ ಓದಿ ನಂಬಿರಲಿಲ್ಲ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದಾಗ ಮಂಡಕಳ್ಳಿಯ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ರೆಕ್ಕೆ ಮತ್ತು ಇಂಜಿನ್ನಿಗೆ ಅದು 5,000 ಅಡಿಗೂ ಎತ್ತರದ ಜಾಗ. ಮಡಿಕೇರಿ ಇರುವುದೇ ಸುಮಾರು 3,800 ಅಡಿಯಲ್ಲಿ! ನಾವು ನೆಲದಲ್ಲೇ ನಿಂತು ಮಡಿಕೇರಿಗಿಂತ ಮೇಲಿದ್ದ ಹಾಗೆ. ವಿಮಾನ ಓಡುತ್ತದೆ, ಓಡುತ್ತದೆ, ಏಳುವುದೇ ಇಲ್ಲ ಅನ್ನಿಸುತ್ತದೆ. ಎದ್ದರೂ ನಿಧಾನ. ಜತೆಗೆ ಕುಲುಕಾಟ. ಉತ್ತ ಒಣಹೊಲದ ಮೇಲೆ ಬಂದರೆ ಬಿಸಿಗಾಳಿ ಮೇಲಕ್ಕೆ ಒದೆಯುತ್ತದೆ, ನೀರು ನಿಂತ ಗದ್ದೆ ಮೇಲೆ ಬಂದ ಕೂಡಲೇ ಕೆಳಗೆ ಕುಸಿಯುತ್ತದೆ. ತಿಂಡಿ ಹೆಚ್ಚು ತಿಂದು ಹೋಗಬೇಡಿ. ಬೆಳಗಿನ ಮೊದಲ ಸರದಿಗೆ ವಿದ್ಯಾರ್ಥಿಗಳು ಕಿತ್ತಾಡುವುದು ಇದಕ್ಕೇ.

ಸ್ಟಾಲ್, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುವುದು. ಅದರ ಅಭ್ಯಾಸದ ದಿನ ನನಗೆ ನಿಜವಾಗಿ ಭಯವಾಯಿತು. ತುಂಬಾ ಎತ್ತರಕ್ಕೆ ಹೋಗಿ, ಥ್ರಾಟಲ್ ಎಳೆದು, ಮೂತಿ ಎತ್ತುತ್ತಾ ಹೋಗಬೇಕು. ವೇಗ 50 ನಾಟಿನ ಆಸುಪಾಸಿಗೆ ಇಳಿಯುವಾಗ ಒಂದು ಪೀಪಿ ಅಳುವ ಸದ್ದು ಬರುತ್ತದೆ. ಮೈ ನಡುಗುತ್ತದೆ, ನನ್ನದೂ ವಿಮಾನದ್ದೂ. ಆಮೇಲೆ ಮೂತಿ ದಬಕ್ಕನೆ ಬೀಳುತ್ತದೆ. ಇಂಜಿನ್ ಚೆನ್ನಾಗೇ ಇದೆ. ರೆಕ್ಕೆ ಗಾಳಿಗೆ ಎದುರಾದ ಕೋನ ಜಾಸ್ತಿಯಾಗಿದೆ, ಸುಮಾರು 16 ಡಿಗ್ರಿ ದಾಟಿದೆ, ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಳ್ಳದೆ ಚೆದುರಿದೆ, ಅಷ್ಟೆ. ಆಗ ಕೆಳಗೆ ಬೀಳುವವರ ಕೈ ಏನು ಮಾಡುತ್ತದೆ? ಹಿಂದಕ್ಕೆ ಎಳೆಯುತ್ತದೆ. ಎಳೆದರೆ ಇನ್ನೂ ಕೆಡುತ್ತದೆ. ಮುಂದಕ್ಕೆ ಬಿಡಬೇಕು, ನೆಲದ ಕಡೆಗೆ. ನೆಲ ಕಾಣುತ್ತಿರುವಾಗ ಮೂತಿಯನ್ನು ಅತ್ತಲೇ ತಿರುಗಿಸುವುದನ್ನು ಕಲಿಯುವುದು ತಲೆಯ ಕೆಲಸ ಅಲ್ಲ. ಹತ್ತು ಸಲ ಮಾಡಿ ಕೈಗೆ ಕಲಿಸಬೇಕು.

ಇಳಿಸುವುದು. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಮ್ಮಿ. ರನ್‌ವೇ ಹೆಸರಿನಲ್ಲೇ ದಿಕ್ಕಿದೆ, ನಮ್ಮಲ್ಲಿ 09 ಮತ್ತು 27. ಅಂದರೆ 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ. ಗಾಳಿಗೆ ಎದುರಾಗಿ ಇಳಿಯಬೇಕು. ಆಷಾಢದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಆ ತಿಂಗಳುಗಳಲ್ಲಿ ಹೆಚ್ಚಾಗಿ 27. ಫೈನಲ್‌ಗೆ, ಅಂದರೆ ನೇರ ಇಳಿಯುವ ಕೊನೆಯ ದಾರಿಗೆ ತಿರುಗಿ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಅನ್ನುವ ಹಲಗೆ ಇಳಿಸಿ, 65 ನಾಟಿನ ಸುಮಾರಿಗೆ ಬರುತ್ತೇವೆ. ಹತ್ತು ನಾಟ್ ಜಾಸ್ತಿ ಇದ್ದರೆ ವಿಮಾನ ಇಳಿಯುವುದೇ ಇಲ್ಲ. ಒಂದು ರೆಕ್ಕೆತುದಿಯಿಂದ ಇನ್ನೊಂದು ತುದಿಯವರೆಗಿನ ಉದ್ದದಷ್ಟು ಎತ್ತರಕ್ಕೆ ಬಂದ ಮೇಲೆ ನೆಲದ ಮೇಲಿನ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ, ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ. ಆಗ ಬೇಸರಪಟ್ಟು ಮೂತಿ ಒತ್ತಿದರೆ ಮುಂದಿನ ಚಕ್ರ ಮೊದಲು ತಾಗಿ ಚೆಂಡಿನಂತೆ ಪುಟಿಯುತ್ತದೆ. ಕಾಯಬೇಕು. ಕಣ್ಣು ಚಕ್ರದ ಕೆಳಗಿನ ಟಾರಿನ ಮೇಲಲ್ಲ, ರನ್‌ವೇಯ ಆ ತುದಿಯ ಮೇಲೆ. ಹತ್ತಿರ ನೋಡಿದರೆ ಎತ್ತರ ತಿಳಿಯುವುದಿಲ್ಲ, ದೂರ ನೋಡಿದರೆ ತಿಳಿಯುತ್ತದೆ. ಹಾಗೇ ಮೂತಿಯನ್ನು ಕೂದಲೆಳೆಯಷ್ಟು ಎತ್ತುತ್ತಾ, ಇಳಿಯಲು ಬಿಡದೆ ಹಿಡಿದುಕೊಂಡಿರಬೇಕು. ಹಾರುವ ಶಕ್ತಿ ಮುಗಿದಾಗ ಅದೇ ಕೂರುತ್ತದೆ.

ಸರಿ ಬರುತ್ತಿಲ್ಲ ಅನ್ನಿಸಿದರೆ? ಥ್ರಾಟಲ್ ಪೂರ್ತಿ ಒತ್ತಿ, ಮತ್ತೆ ಏರಿ, ಇನ್ನೊಂದು ಸುತ್ತು. ಇದಕ್ಕೆ ಗೋ ಅರೌಂಡ್ ಅಂತಾರೆ. ಹೊಸಬರಿಗೆ ಇದು ಸೋಲು ಅನ್ನಿಸುತ್ತದೆ. ಮೀಟರ್ ಬೇರೆ ಓಡುತ್ತಿದೆ, ನಿಲ್ದಾಣದ ಕಂಟ್ರೋಲ್ ಟವರಿನವರು ನೋಡುತ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬ ವಿದ್ಯಾರ್ಥಿ ಚೆನ್ನಾಗಿ ಕಲಿಯುತ್ತಿದ್ದಾನೋ ಇಲ್ಲವೋ ಅಂತ ತಿಳಿಯಲು ಅವನ ಲ್ಯಾಂಡಿಂಗ್ ನೋಡಬೇಡಿ, ಗೋ ಅರೌಂಡ್ ಎಷ್ಟು ಬೇಗ ನಿರ್ಧರಿಸುತ್ತಾನೆ ನೋಡಿ.

ರೇಡಿಯೋ ಬಗ್ಗೆ ಬೇಗ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಅಂಜುತ್ತಾರೆ. ಅಂಜಬೇಕಿಲ್ಲ. ಅಲ್ಲಿ ಬಳಸುವುದು ಕಟ್ಟುನಿಟ್ಟಾದ ಕೆಲವೇ ಮಾತುಗಳು. ಟವರ್ ಹೇಳಿದ್ದನ್ನು ವಾಪಸ್ ಹೇಳಬೇಕು, ಕೊನೆಗೆ ವಿಮಾನದ ಹೆಸರು, ವಿಕ್ಟರ್ ಟ್ಯಾಂಗೋ, ಅಂದರೆ ವಿ ಟಿ, ಅಂತ ಶುರುವಾಗುವುದು. ಭಾರತದ ಎಲ್ಲ ನಾಗರಿಕ ವಿಮಾನಗಳಿಗೂ ಅವೇ ಮೊದಲಕ್ಷರಗಳು. ಎರಡು ವಾರ ಕಿವಿಗೊಟ್ಟು ಕೇಳಿದರೆ ಬಂದುಬಿಡುತ್ತದೆ.

ಒಬ್ಬಳೇ ಹಾರಿದ ದಿನದ ಬಗ್ಗೆ ಕೇಳೇ ಕೇಳುತ್ತೀರಿ. ಗುರುಗಳು ಇಂಜಿನ್ ಓಡುತ್ತಿರುವಾಗಲೇ ಇಳಿದು, ಬಾಗಿಲು ಹಾಕಿ, ಒಂದು ಸುತ್ತು ಹೋಗಿಬನ್ನಿ ಅಂದರು. ನನಗೆ ಕಂಡ ದೊಡ್ಡ ವ್ಯತ್ಯಾಸ ಭಾವನೆಯದ್ದಲ್ಲ, ತೂಕದ್ದು. ಪಕ್ಕದ ಸೀಟು ಖಾಲಿ, ವಿಮಾನ ಹಗುರ, ನಾನು ಎಣಿಸಿದ್ದಕ್ಕಿಂತ ಬೇಗ ಸರ್ಕ್ಯೂಟಿನ ಎತ್ತರಕ್ಕೆ ಬಂದುಬಿಟ್ಟಿತು. ಬೇಗ ಬೇಗ ಕೆಲಸ ಮಾಡಬೇಕಾಯಿತು, ಹೆದರಲು ಪುರಸೊತ್ತಾಗಲಿಲ್ಲ. ಇಳಿದ ಮೇಲೆ ಒಂದು ಬಕೆಟ್ ನೀರು ತಲೆ ಮೇಲೆ. ಅದು ಅಲ್ಲಿನ ಪದ್ಧತಿ.

ಇಷ್ಟೆಲ್ಲ ಆದ ಮೇಲೂ ಮನೆಯವರು ಕೇಳುವುದು ಒಂದೇ, ಮೇಲೆ ಇಂಜಿನ್ ನಿಂತರೆ? ಕಲ್ಲಿನ ಹಾಗೆ ಬೀಳುವುದಿಲ್ಲ. ಈ ವಿಮಾನ ಒಂದು ಅಡಿ ಇಳಿಯುವಾಗ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ಸಾವಿರ ಅಡಿ ಎತ್ತರ ಇದ್ದರೆ ಎರಡೂವರೆ ಕಿಲೋಮೀಟರಿಗಿಂತ ಜಾಸ್ತಿ. ಗುರುಗಳು ಹೇಳದೆ ಕೇಳದೆ ಥ್ರಾಟಲ್ ಎಳೆದು, "ಎಲ್ಲಿ ಇಳಿಸ್ತೀರಾ, ತೋರ್ಸಿ" ಅಂತಾರೆ. ಆಗ ನೆಲವನ್ನು ಬೇರೆ ಕಣ್ಣಿನಿಂದ ನೋಡಬೇಕು. ತೆಂಗಿನ ತೋಟ ಆಗಲ್ಲ. ಬೆಳೆದು ನಿಂತ ಕಬ್ಬು ಬೇಡ. ನಾಟಿ ಮಾಡಿದ ಗದ್ದೆಯಲ್ಲಿ ಚಕ್ರ ಹೂತು ಮಗುಚುತ್ತದೆ. ಕೊಯ್ಲು ಮುಗಿದ ಒಣಗದ್ದೆ ಒಳ್ಳೆಯದು, ಆದರೆ ಬದುಗಳ ಉದ್ದಕ್ಕೆ ಇಳಿಸಬೇಕು, ಅಡ್ಡ ಅಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕರೆಂಟ್ ತಂತಿ. ಮೇಲಿಂದ ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಕಂಬ ಹುಡುಕಿ ತಂತಿ ಊಹಿಸಬೇಕು.

ನಮ್ಮ ಯಜಮಾನರು ಈಗ ನನ್ನನ್ನು ಕಾರಿನ ಕಿಟಕಿ ಪಕ್ಕ ಕೂರಿಸಿಕೊಳ್ಳಲು ಒಪ್ಪುವುದಿಲ್ಲ. ಮಂಡ್ಯಕ್ಕೆ ಹೋಗುವ ದಾರಿಯುದ್ದಕ್ಕೂ ಈ ಗದ್ದೆ ಆಗುತ್ತೆ, ಆ ಗದ್ದೆ ಆಗಲ್ಲ ಅಂತ ಹೇಳುತ್ತಲೇ ಇರುತ್ತೇನಂತೆ. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಕಾಫಿ ಬರುವವರೆಗೂ ಇಲ್ಲೇ ಇರುತ್ತೇನೆ.